‘ಮನೆ ಮಗಳು’ ಎಂದವರಿಗೆ ಇಲ್ಲ ಎನ್ನುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಪಂಪ್‌ಸೆಟ್ ಮತ್ತು ಪೈಪುಗಳ ಸಗಟು ಅಂಗಡಿಯೊಂದರಲ್ಲಿ ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ವಯಸ್ಸು 29. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟು, ವಾರಕ್ಕೆ ಆರು ದಿನ. ಮನೆ ಸೇರಿದ ಮೇಲೂ ಸಾಹುಕಾರರ ಫೋನ್ ನಿಲ್ಲುವುದಿಲ್ಲ. ಲಾರಿ ಹೊರಟಿದೆ, ಇ-ವೇ ಬಿಲ್ ಮಾಡು. ಮಗನ ಕಾಲೇಜಿನ ಅರ್ಜಿ ತುಂಬು. ಅಕ್ಕನವರಿಗೆ ರೈಲು ಟಿಕೆಟ್ ತೆಗೆ. ಭಾನುವಾರವೂ ಇದೇ. ಅವರು ಕೆಟ್ಟವರಲ್ಲ. ‘ನೀನು ನಮ್ಮ ಮನೆ ಮಗಳು’ ಎನ್ನುತ್ತಾರೆ. ಕಳೆದ ವರ್ಷ ಅಮ್ಮನ ಶಸ್ತ್ರಚಿಕಿತ್ಸೆಗೆ ಕೇಳಿದ ಕೂಡಲೇ 40,000 ರೂಪಾಯಿ ಕೊಟ್ಟರು. ಈಗ ಫೋನ್ ಸದ್ದಾದರೆ ಎದೆ ಡವಗುಟ್ಟುತ್ತದೆ. ಇಲ್ಲ ಎಂದರೆ ಉಪಕಾರ ಮರೆತವಳಾಗುತ್ತೇನೆಯೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರಕ್ಕೆ ಉತ್ತರಿಸಲು ಕುಳಿತಾಗ ಕೈ ತಾನಾಗಿ ‘ಮಗಳೇ’ ಎಂದು ಬರೆಯಲು ಹೋಯಿತು. ಬೇಕೆಂದೇ ತಡೆದೆ. ಆ ಒಂದು ಮಾತಿಗೆ ಕಟ್ಟುಬಿದ್ದು ನೀವು ಈಗಾಗಲೇ ಎಷ್ಟೋ ಭಾನುವಾರಗಳನ್ನು ಕೊಟ್ಟಿದ್ದೀರಿ.

ನಾನು 31 ವರ್ಷ ಬ್ಯಾಂಕಿನಲ್ಲಿ ದುಡಿದವಳು. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮ ಮ್ಯಾನೇಜರರೊಬ್ಬರು ರಜಾದಿನಗಳಲ್ಲಿ ಮನೆಯ ಫೋನಿಗೇ ಕರೆ ಮಾಡುತ್ತಿದ್ದರು. ಏಳು ವರ್ಷದ ನನ್ನ ಮಗ ರಿಸೀವರ್ ಎತ್ತಿ ‘ಅಮ್ಮ ಮನೆಯಲ್ಲಿಲ್ಲ’ ಎನ್ನುವುದನ್ನು ಕಲಿತಿದ್ದ. ಕಲಿಸಿದವಳು ನಾನೇ. ಒಂದು ದಿನ ನಾನು ಪಕ್ಕದಲ್ಲೇ ಕುಳಿತು ಅವರೆ ಸುಲಿಯುತ್ತಿದ್ದಾಗ, ಅವನು ನನ್ನ ಮುಖ ನೋಡುತ್ತಲೇ ಆ ಸುಳ್ಳನ್ನು ಹೇಳಿದ. ಮರುದಿನ ಬೆಳಿಗ್ಗೆ ನೇರವಾಗಿ ಮ್ಯಾನೇಜರರ ಕೋಣೆಗೆ ಹೋದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಅಂಗೈ ಒದ್ದೆಯಾಗಿತ್ತು. ಅವರು ಹದಿನೈದು ದಿನ ಮುಖ ಕೊಟ್ಟು ಮಾತನಾಡಲಿಲ್ಲ. ಆಮೇಲೆ ಮಾತನಾಡಿದರು, ರಜೆಯ ಕರೆಗಳು ಮಾತ್ರ ನಿಂತವು.

ನಿಮಗೆ ಬರುವ ಕರೆಗಳೆಲ್ಲ ಒಂದೇ ಬಗೆಯವಲ್ಲ. ಇ-ವೇ ಬಿಲ್ಲಿನದು, ಅಂದರೆ ಸರಕು ಸಾಗಿಸಲು ಸರ್ಕಾರದ ಪೋರ್ಟಲ್‌ನಲ್ಲಿ ಮಾಡಬೇಕಾದ ದಾಖಲೆಯದು, ನಿಜವಾದ ಅಗತ್ಯ. 50,000 ರೂಪಾಯಿಗೆ ಮೀರಿದ ಸರಕು ಆ ಬಿಲ್ ಇಲ್ಲದೆ ಗೋದಾಮು ಬಿಟ್ಟು ಹೊರಡುವಂತಿಲ್ಲ. ದಾರಿಯಲ್ಲಿ ತಡೆದರೆ ದಂಡ. ಹಾಗಾಗಿ ರಾತ್ರಿ ಒಂಬತ್ತೂವರೆಗೆ ಸಾಹುಕಾರರು ಫೋನ್ ಮಾಡುವುದು ಗಾಬರಿಯಿಂದಲೇ ಹೊರತು ದರ್ಪದಿಂದಲ್ಲ. ಆದರೆ ಆ ಗಾಬರಿ ನಿಮ್ಮ ಮನೆಗೇ ಏಕೆ ಬರಬೇಕು? ಪಾಸ್‌ವರ್ಡ್ ನಿಮ್ಮೊಬ್ಬರ ಬಳಿಯೇ ಇದ್ದಿರಬೇಕು. ಆ ಪೋರ್ಟಲ್‌ನಲ್ಲಿ ಮುಖ್ಯ ಲಾಗಿನ್ ಅಡಿಯಲ್ಲಿ ಇನ್ನೊಬ್ಬರನ್ನು ಉಪ ಬಳಕೆದಾರರಾಗಿ ಸೇರಿಸಬಹುದು. ಗೋದಾಮು ನೋಡಿಕೊಳ್ಳುವವರಿಗೆ ನಾಲ್ಕು ದಿನ ಪಕ್ಕದಲ್ಲಿ ಕುಳಿತು ಕಲಿಸಿ. ‘ಅವಳಿಲ್ಲದೆ ನಡೆಯುವುದಿಲ್ಲ’ ಎನ್ನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ, ನನಗೂ ಇತ್ತು. ಅದನ್ನು ಬಿಟ್ಟುಕೊಡಲು ಸಿದ್ಧರಾಗಿ.

ಅರ್ಜಿ ತುಂಬುವುದು, ಟಿಕೆಟ್ ತೆಗೆಯುವುದು ನಿಮ್ಮ ಕೆಲಸವೇ ಅಲ್ಲ. ಬಿಡುವಿದ್ದಾಗ ಪ್ರೀತಿಯಿಂದ ಮಾಡಿಕೊಡಬಹುದು, ಇಲ್ಲದಿದ್ದರೆ ಬೇಡ.

ಇನ್ನು 40,000. ನಿಮ್ಮ ಬಾಯಿ ಕಟ್ಟಿರುವುದು ಇದೇ. ಅದು ಸಾಲವೋ ಸಹಾಯವೋ ಎಂದು ಇಬ್ಬರೂ ಮಾತನಾಡಿಯೇ ಇಲ್ಲವೆಂದು ಕಾಣುತ್ತದೆ. ಲೆಕ್ಕ ಬರೆಯುವವರು ನೀವು, ಇದೊಂದನ್ನು ಮಾತ್ರ ಯಾವ ಖಾತೆಗೂ ಹಾಕದೆ ಬಿಟ್ಟಿದ್ದೀರಿ. ‘ತಿಂಗಳಿಗೆ ಎರಡು ಸಾವಿರದಂತೆ ಸಂಬಳದಲ್ಲಿ ಮುರಿದುಕೊಳ್ಳಿ’ ಎಂದು ನೀವೇ ಹೇಳಿ. ಇಪ್ಪತ್ತು ತಿಂಗಳಲ್ಲಿ ತೀರುತ್ತದೆ. ಬೇಡವೆಂದರೆ ಕೈಮುಗಿದು ಸ್ವೀಕರಿಸಿ. ಆಪತ್ತಿಗಾದ ಉಪಕಾರವನ್ನು ಬದುಕಿಡೀ ನೆನೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ನೆನೆಯಲು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಬೇಕಾಗಿಲ್ಲ.

ಕಾನೂನೂ ಗೊತ್ತಿರಲಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. ಊಟದ ಒಂದು ಗಂಟೆ ಕಳೆದರೂ ನಿಮ್ಮದು ವಾರಕ್ಕೆ 54 ಆಗುತ್ತದೆ, ಫೋನಿನ ಕೆಲಸವನ್ನು ಸೇರಿಸದೆಯೇ. ಇದನ್ನು ಮೊದಲ ಮಾತಿಗೇ ಎತ್ತಬೇಡಿ. ನೀವು ಕೇಳುತ್ತಿರುವುದು ಭಿಕ್ಷೆಯಲ್ಲ ಎಂದು ನಿಮಗೆ ಗೊತ್ತಿರಲೆಂದು ಬರೆದೆ.

ಮಾತನಾಡುವುದು ಫೋನಿನಲ್ಲಿ ಬೇಡ, ಸಿಟ್ಟು ಬಂದ ದಿನವೂ ಬೇಡ. ಬೆಳಿಗ್ಗೆ ಅಂಗಡಿಯ ಪೂಜೆ ಮುಗಿದು ಗಿರಾಕಿಗಳು ಬರುವ ಮುನ್ನ ಹೀಗೆ ಹೇಳಿ: ‘ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖಿನ ಹಿಂದಿನ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡುತ್ತೇನೆ. ಉಳಿದ ದಿನ ಎಂಟೂವರೆಯ ನಂತರ, ಭಾನುವಾರ ಫೋನ್ ಎತ್ತುವುದಿಲ್ಲ. ಇ-ವೇ ಬಿಲ್ಲಿಗೆ ಬೇರೆ ವ್ಯವಸ್ಥೆ ಮಾಡಿದ್ದೇನೆ.’ ಅಮ್ಮನ ಆರೋಗ್ಯ, ತಲೆನೋವು ಎಂದು ನೆಪ ಸೇರಿಸಬೇಡಿ. ನೆಪ ಹೇಳಿದರೆ ಅದು ತೀರಿದ ಮರುದಿನವೇ ಕರೆ ಬರುತ್ತದೆ. ಮೊದಲ ಭಾನುವಾರ ಫೋನ್ ಖಂಡಿತ ಬರುತ್ತದೆ. ಎತ್ತಬೇಡಿ. ಸೋಮವಾರ ಹತ್ತಕ್ಕೆ ನೀವಾಗಿಯೇ ಹೋಗಿ ‘ಫೋನ್ ಮಾಡಿದ್ದಿರಿ, ಏನು ಕೆಲಸ?’ ಎಂದು ಕೇಳಿ.

ಈ ತಿಂಗಳ 20 ದಾಟಲಿ. 21ರ ಬೆಳಿಗ್ಗೆ ಇಬ್ಬರ ತಲೆಯೂ ಹಗುರವಾಗಿರುತ್ತದೆ, ಆಗ ಮಾತನಾಡಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.