ಮೇಷ್ಟ್ರ ಮನೆಗೆ ಒಂದು ಪತ್ರ

ಪ್ರಶ್ನೆ: ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ನನಗೆ ಸುದ್ದಿ ಗೊತ್ತಾಗುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಮನೆಯಲ್ಲಿ ಅವರ ಹೆಂಡತಿ, ಮಗಳು, ಮೊಮ್ಮಕ್ಕಳಿದ್ದಾರೆ. ಒಂದು ಪತ್ರ ಬರೆಯೋಣ ಅಂತ ಕೂತು ಮೂರು ಸಲ ಹರಿದು ಹಾಕಿದೆ. ನಾಲ್ಕನೆಯದನ್ನು ಇದರ ಜೊತೆ ಇಟ್ಟಿದ್ದೇನೆ, ತಿದ್ದಿಕೊಡಿ. ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದರು. ಆಗ ನನ್ನ ಕೆಲಸ ಹೋಗಿತ್ತು. ‘ಏನ್ ಮಾಡ್ಕೊಂಡಿದ್ದೀಯಪ್ಪಾ’ ಅಂತ ಕೇಳಿದರೆ ಏನು ಹೇಳೋದು ಅಂತ ಕಂಬದ ಮರೆಗೆ ಸರಿದುಬಿಟ್ಟೆ. ಅದು ಈಗ ಕೊರೆಯುತ್ತಿದೆ. ಅದನ್ನೂ ಬರೆಯಲಾ?

ತಾ.ಕ.: ಸರಳ ಲೋಲಕದ ಪಾಠದ ದಿನ ಮೇಷ್ಟ್ರು ದಾರಕ್ಕೆ ತಮ್ಮ ಬೀಗದ ಕೈ ಗೊಂಚಲನ್ನೇ ಕಟ್ಟಿ ತೂಗಿಬಿಟ್ಟಿದ್ದರು. 20 ತೂಗಾಟಕ್ಕೆ ಎಲ್ಲರಿಗೂ 40 ಸೆಕೆಂಡ್ ಬಂತು, ನನಗೊಬ್ಬನಿಗೆ 38. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ನನ್ನ ಪಕ್ಕ ಬಂದು ಬಗ್ಗಿ ನಿಂತು, ಇನ್ನೊಂದು ಸಲ ಎಣಿಸು ಅಂದರು. ಗೊಂಚಲು ಕೈ ಬಿಡುತ್ತಲೇ ‘ಒಂದು’ ಅಂದೆ. ‘ಅಲ್ಲಿ ಸೊನ್ನೆ ಅನ್ನು’ ಅಂದರು. ಇಷ್ಟು ಸಣ್ಣದ್ದು ಪತ್ರದಲ್ಲಿ ಬರೆಯೋದಲ್ಲ ಅಂತ ಬಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿದೆ. ‘ಸರಳ ಸಜ್ಜನರು’, ‘ಅವರ ಅಗಲಿಕೆ ತುಂಬಲಾರದ ನಷ್ಟ’, ‘ಜ್ಞಾನದ ದೀಪ ಹಚ್ಚಿದವರು’. ಬೇಜಾರು ಮಾಡ್ಕೋಬೇಡಿ, ಹೆಸರು ಬದಲಾಯಿಸಿ ಯಾರ ಮನೆಗೆ ಬೇಕಾದರೂ ಕಳಿಸಬಹುದಾದ ಪತ್ರ ಅದು. ಇದನ್ನೂ ಹರಿದು ಹಾಕಿ. ತಾ.ಕ. ಮಾತ್ರ ಇಟ್ಟುಕೊಳ್ಳಿ. ನೀವು ಬರೆಯಬೇಕಾದ ಪತ್ರ ಅದೇ.

ನಾನೂ 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ನಮ್ಮ ಮನೆಯವರು ಒಂದೇ ಒಂದು ದಿನ ನನ್ನ ಕ್ಲಾಸಿನಲ್ಲಿ ಕೂತಿಲ್ಲ. ಅವರಿಗೆ ಗೊತ್ತಿದ್ದದ್ದು ಸಂಜೆ ಸುಸ್ತಾಗಿ ಬಂದು, ಕಾಲು ಚಾಚಿ, ಉತ್ತರ ಪತ್ರಿಕೆ ತಿದ್ದುತ್ತಾ ಗೊಣಗುವ ಹೆಂಗಸು. ನಿಮ್ಮ ಮೇಷ್ಟ್ರ ಮನೆಯಲ್ಲೂ ಹಾಗೇ ಇದ್ದೀತು. ಅವರ ಹೆಂಡತಿಗೆ ಆ ಬೀಗದ ಕೈ ಗೊಂಚಲು ಚೆನ್ನಾಗಿ ಗೊತ್ತು, ಎಷ್ಟೋ ಸಲ ಹುಡುಕಿಯೂ ಕೊಟ್ಟಿರುತ್ತಾರೆ. ಅದು ಕ್ಲಾಸಿನಲ್ಲಿ ತೂಗಾಡಿತ್ತು ಅನ್ನೋದು ಅವರಿಗೆ ಗೊತ್ತಿರಲಿಕ್ಕಿಲ್ಲ. ನಕ್ಕ ಹುಡುಗರನ್ನು ಬಿಟ್ಟು ತಪ್ಪು ಎಣಿಸಿದ ಹುಡುಗನ ಪಕ್ಕ ಹೋಗಿ ನಿಂತರು ಅನ್ನೋದಂತೂ ಗೊತ್ತೇ ಇರೋದಿಲ್ಲ. ಅದನ್ನು ನೀವೇ ಹೇಳಬೇಕು.

ನಾನು ಕಲಿಸಿದ್ದು ಭಾಷೆ. ಲೋಲಕದ ವಿಷಯ ಓದಿ ಸುಮ್ನೆ ಇರೋಕಾಗಲಿಲ್ಲ. ಕಿಟಕಿಯ ಸರಳಿಗೆ 1 ಮೀಟರ್ ದಾರ ಕಟ್ಟಿ, ನಮ್ಮ ಮನೆ ಬೀಗದ ಕೈಗಳನ್ನು ಇಳಿಬಿಟ್ಟೆ. ಸ್ವಲ್ಪವೇ ಎಳೆದು ಬಿಟ್ಟು 20 ಎಣಿಸಿದರೆ ನನಗೂ 38 ಸೆಕೆಂಡ್ ಬರಬೇಕೇ! ನಾನೂ ಕೈ ಬಿಡುವಾಗಲೇ ‘ಒಂದು’ ಅಂದಿದ್ದೆ. ಗೊಂಚಲು ಹೋಗಿ ವಾಪಸ್ ಬಂದರೆ ಮಾತ್ರ ಒಂದು ಅಲ್ವಾ? ನಾವಿಬ್ಬರೂ ಎಣಿಸಿದ್ದು 19 ತೂಗಾಟ. ಸೊನ್ನೆಯಿಂದ ಶುರು ಮಾಡಿದೆ, 40 ಬಂತು. ಆಮೇಲೆ ಗೊಂಚಲಿನ ಜೊತೆ ಒಂದು ದಪ್ಪ ಬೀಗವನ್ನೂ ಸೇರಿಸಿದೆ. ಭಾರ ಜಾಸ್ತಿಯಾದರೂ 40ರ ಆಸುಪಾಸೇ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದಾಗ 20ಕ್ಕೆ ಇಳಿಯಿತು. ಉದ್ದ ಕಾಲು ಭಾಗವಾದರೆ ಸಮಯ ಅರ್ಧವಾಗುತ್ತದಂತೆ. ನಿಮ್ಮ ಮೇಷ್ಟ್ರು ಹೋದ ಮೇಲೂ ಈ ವಯಸ್ಸಿನಲ್ಲಿ ನನಗೊಂದು ಪಾಠ ಮಾಡಿದ ಹಾಗಾಯಿತು ನೋಡಿ.

ಬಸ್ ಸ್ಟ್ಯಾಂಡಿನ ವಿಷಯ ಪತ್ರದಲ್ಲಿ ಬೇಡ. ಅದನ್ನು ಓದಿದರೆ ಆ ತಾಯಿ ತಮ್ಮ ದುಃಖ ಬದಿಗಿಟ್ಟು ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಈಗ ಅವರಿಗೆ ಆ ಕೆಲಸ ಕೊಡಬೇಡಿ. ನನಗೆ ಹೇಳಿದಿರಲ್ಲ, ಸಾಕು. ಒಂದು ಗುಟ್ಟು ಹೇಳಲಾ? ನಾನೂ ಹಳೇ ವಿದ್ಯಾರ್ಥಿಗಳನ್ನು ಕಂಡು ಎಷ್ಟೋ ಸಲ ಮರೆಗೆ ಸರಿದಿದ್ದೇನೆ. ಮುಖ ಗೊತ್ತಿರುತ್ತದೆ, ಹೆಸರು ಬಾಯಿಗೆ ಬರೋದಿಲ್ಲ. ‘ನಾನ್ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಿಬಿಟ್ಟರೆ ಏನು ಗತಿ! ಅವತ್ತು ಕಂಬದ ಆ ಕಡೆ ಯಾರು ಯಾರನ್ನು ನೋಡಿದರೋ, ಬಿಡಿ. ಇನ್ನು, ಕೆಲಸ ಹೋದ ವಿದ್ಯಾರ್ಥಿಯನ್ನು ಕಂಡು ಕೀಳಾಗಿ ನೋಡುವವರಾಗಿದ್ದರೆ, 38 ಬಂದ ದಿನವೇ ನೋಡಿರುತ್ತಿದ್ದರು.

ಕೊರೆತ ಒಂದೇ ದಿನಕ್ಕೆ ಹೋಗುತ್ತದೆ ಅಂತ ನಾನು ಹೇಳೋದಿಲ್ಲ. ನನಗೂ ಅಂಥದ್ದೊಂದಿದೆ, ಹೋಗಿಲ್ಲ.

ಪತ್ರವನ್ನು ಕೈಯಲ್ಲೇ ಬರೆಯಿರಿ, ಒಂದು ಪುಟ ಸಾಕು. ನೀವು ಯಾರು, ಯಾವ ವರ್ಷ ಅವರ ಕ್ಲಾಸಿನಲ್ಲಿದ್ದಿರಿ ಅಂತ ಮೊದಲೇ ಬರೆದುಬಿಡಿ. ತಡವಾಯಿತು ಅಂತ ಹಿಂಜರಿಯಬೇಡಿ. ಮೊದಲ ವಾರ ಬಂದು ಹೋಗುವವರ ಮಧ್ಯೆ ಯಾವುದನ್ನೂ ಓದೋಕೆ ಆಗೋದಿಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಅಂತ ಸುಮ್ನೆ ಬರೆಯಬೇಡಿ, ಯಾರೂ ಹೇಳೋದಿಲ್ಲ. ಉತ್ತರಕ್ಕೂ ಕಾಯಬೇಡಿ.

ದಾರದ ಉದ್ದ ಮಾತ್ರ ಮರೆಯದೆ ಬರೆಯಿರಿ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಅಂದಿರಲ್ಲ. 1 ಮೀಟರ್, ಮೇಲಿನ ಗಂಟಿನಿಂದ ಗೊಂಚಲಿನ ನಡುವಿನವರೆಗೆ.