ಕೂದಲು ಕಸಿ ಮಾಡಿಸಿಕೊಂಡ ಮೇಲೂ ಔಷಧಿ ಯಾಕೆ ಮುಂದುವರಿಸಬೇಕು?

ಕಸಿ ಮಾಡಿದ ಕೂದಲು ಬಹುಮಟ್ಟಿಗೆ ಉಳಿಯುತ್ತದೆ, ಆದರೆ ಅಕ್ಕಪಕ್ಕದ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ, ಅದಕ್ಕೆ. ಗಂಡಸರ ಬೋಳುತನದಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಹಣೆ, ನೆತ್ತಿಯ ಕೂದಲ ಬುಡಗಳನ್ನು ವರ್ಷಗಟ್ಟಲೆ ಕುಗ್ಗಿಸುತ್ತಾ ಹೋಗುತ್ತದೆ. ತಲೆಯ ಹಿಂಭಾಗದ ಬುಡಗಳು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ; ಕಿತ್ತು ಮುಂದೆ ನೆಟ್ಟರೂ ಆ ಗುಣ ಬಿಡುವುದಿಲ್ಲ. 1959ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ತೋರಿಸಿಕೊಟ್ಟದ್ದು ಇದನ್ನೇ. ಔಷಧಿ ಬಿಟ್ಟರೆ ಕೆಲವು ವರ್ಷಗಳಲ್ಲಿ ಮುಂದೆ ನೆಟ್ಟ ಸಾಲು, ಅದರ ಹಿಂದೆ ಬಯಲು ಎಂಬಂತಾಗಬಹುದು.

ಫಿನಾಸ್ಟರೈಡ್ ಮಾತ್ರೆ ಡಿಎಚ್‌ಟಿ ತಗ್ಗಿಸುತ್ತದೆ. ಕೆಲವರಿಗೆ ಅದರಿಂದ ಲೈಂಗಿಕ ತೊಂದರೆ ಬರುವುದುಂಟು, ವೈದ್ಯರ ಹತ್ತಿರ ಸಂಕೋಚವಿಲ್ಲದೆ ಕೇಳಿ. ಹಚ್ಚುವ ಮಿನಾಕ್ಸಿಡಿಲ್ ಕೂದಲು ಬೆಳೆಯುವ ಅವಧಿಯನ್ನು ಹೆಚ್ಚಿಸುತ್ತದೆ.

ಅಂದಹಾಗೆ, ಮೊದಲ ಕೆಲವು ವಾರಗಳಲ್ಲಿ ನೆಟ್ಟ ಕೂದಲೇ ಉದುರಿದರೆ ಗಾಬರಿಯಾಗಬೇಡಿ. ಬುಡ ಒಳಗೇ ಇರುತ್ತದೆ. 3-4 ತಿಂಗಳಿಗೆ ಮತ್ತೆ ಚಿಗುರತೊಡಗುತ್ತದೆ.