ಇನ್ಸುಲಿನ್ ಇದ್ದೂ ಸಕ್ಕರೆ ಏರುವುದೇಕೆ?

ಪ್ರಶ್ನೆ: ನನಗೆ 66 ವರ್ಷ. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ಆದರೆ ಪರೀಕ್ಷೆಯಲ್ಲಿ ಇನ್ಸುಲಿನ್ ಕಡಿಮೆಯಿಲ್ಲ, ಹೆಚ್ಚೇ ಇದೆ. ಥೈಮಸ್ ಗ್ರಂಥಿ ಕುಗ್ಗಿರುವುದೇ ಇದಕ್ಕೆ ಕಾರಣವೆಂದೂ ಅದರ ಸಾರದ ಮಾತ್ರೆ ನುಂಗಿದರೆ ಎಲ್ಲವೂ ಸರಿಹೋಗುವುದೆಂದೂ ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ?
– ನಿವೃತ್ತ ಶಿಕ್ಷಕರು, ಗದಗ-ಬೆಟಗೇರಿ

ಉತ್ತರ: ನಿಮ್ಮ ಪರಿಚಿತರು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ಹಾರ್ಮೋನು ರಕ್ತದಲ್ಲಿದ್ದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ಇನ್ಸುಲಿನ್ ಸ್ನಾಯುಕೋಶದ ಮೇಲಿನ ಗ್ರಾಹಿಯನ್ನು (ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನು) ಕೂಡಿಕೊಂಡು, ಆ ಗ್ರಾಹಿಯು ಒಳಗಿನ ಪ್ರೋಟೀನುಗಳನ್ನು ಒಂದಾದ ಮೇಲೊಂದರಂತೆ ಎಚ್ಚರಿಸಿ, ಕೊನೆಗೆ ಸಕ್ಕರೆಯನ್ನು ಒಳಗೆ ಬಿಡುವ ಗ್ಲುಟ್-4 ಎಂಬ ಪ್ರೋಟೀನು ಕೋಶದ ಹೊರಪೊರೆಗೆ ಬರಬೇಕು. ವಯಸ್ಸಾದಂತೆ ಸ್ನಾಯು ಕರಗಿ, ಹೊಟ್ಟೆಯ ಕೊಬ್ಬು ಬೆಳೆದು, ನಡಿಗೆ ಕಡಿಮೆಯಾದಾಗ ಮುಖ್ಯವಾಗಿ ಗ್ರಾಹಿಯ ಒಳಬದಿಯ ಈ ಹಾದಿಯಲ್ಲಿಯೇ ಸಂದೇಶ ಮಂಕಾಗುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ನಿಮ್ಮ ವರದಿಯಲ್ಲಿ ಕಂಡದ್ದು ಬಹುಶಃ ಅದೇ.

ಎದೆಮೂಳೆಯ ಹಿಂದಿರುವ ಥೈಮಸ್‌ನ ಕೆಲಸ ಬೇರೆ. 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಅವರು ಆಗತಾನೆ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದು ಪರಿಣಾಮ ತೋರಿಸಿಕೊಟ್ಟ ಮೇಲೆ, ಅದು ರೋಗನಿರೋಧಕ ಟಿ-ಕೋಶಗಳನ್ನು ಪಳಗಿಸುವ ಗರಡಿಯೆಂಬುದು ಸ್ಪಷ್ಟವಾಗತೊಡಗಿತು. ಅದರ ಕುಗ್ಗುವಿಕೆ ಅರವತ್ತರ ಕಾಯಿಲೆಯಲ್ಲ. ಬಾಲ್ಯದಲ್ಲೇ ಆರಂಭವಾಗಿ, ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳಿಂದ ವೇಗ ಪಡೆದು, ಕ್ರಮೇಣ ಕೊಬ್ಬಿಗೆ ಜಾಗ ಬಿಡುತ್ತದೆ. ಹಾರ್ಮೋನಿಗೂ ಥೈಮಸ್‌ಗೂ ನಂಟಿರುವುದು ಇಲ್ಲಿ: ಥೈಮಸ್ ಕೋಶಗಳಲ್ಲೂ ಆ ಹಾರ್ಮೋನುಗಳ ಗ್ರಾಹಿಗಳಿವೆ. ಇಳಿವಯಸ್ಸಿನಲ್ಲಿ ಹೊಸ ಟಿ-ಕೋಶಗಳು ವಿರಳವಾಗಿ, ದೇಹವು ಬಹುಮಟ್ಟಿಗೆ ಹಳೆಯ ದಾಸ್ತಾನನ್ನೇ ನೆಚ್ಚಿಕೊಳ್ಳುವುದರಿಂದ ಅಪರಿಚಿತ ಸೋಂಕಿನ ಎದುರು ಪ್ರತಿರೋಧ ನಿಧಾನವಾಗುತ್ತದೆ.

ಆ ಮಾತ್ರೆಗೆ ಹಣ ಸುರಿಯಬೇಡಿ. ಸಾರದಲ್ಲಿರುವ ಪ್ರೋಟೀನು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗಿಹೋಗುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಮುಪ್ಪಿನಲ್ಲಿ ಲಸಿಕೆಯ ಫಲ ಕೊಂಚ ತಗ್ಗುವುದಾದರೂ ಅಗತ್ಯ ತಗ್ಗುವುದಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲುಟ್-4 ಅನ್ನು ಹೊರಪೊರೆಗೆ ತರಬಲ್ಲುದಾದ್ದರಿಂದ, ಭೀಷ್ಮ ಕೆರೆಯ ದಂಡೆಯಲ್ಲಿ ದಿನವೂ ಬಿರುಸಾಗಿ ನಡೆಯಿರಿ, ವಾರಕ್ಕೆರಡು ಸಲ ಕುರ್ಚಿಯಿಂದ ಎದ್ದು ಕೂರುವಂತಹ ವ್ಯಾಯಾಮವನ್ನೂ ಮಾಡಿ. ಈಗಾಗಲೇ ಸಕ್ಕರೆ ಇಳಿಸುವ ಔಷಧ ಸೇವಿಸುತ್ತಿದ್ದರೆ, ನಡಿಗೆ ಹೆಚ್ಚಿಸುವ ಮುನ್ನ ಅದರ ಪ್ರಮಾಣವನ್ನು ವೈದ್ಯರೊಂದಿಗೆ ಚರ್ಚಿಸಿ.